ಕೈ ಎತ್ತುವ ಮೊದಲು: ಭದ್ರತಾ ಮಂಡಳಿಯ ಐದು ಖಾಯಂ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಮೆರಿಕ, ಬ್ರಿಟನ್, ಚೀನಾ, ಫ್ರಾನ್ಸ್ ಮತ್ತು ರಷ್ಯಾದ ಖಾಯಂ ಪ್ರತಿನಿಧಿಗಳು,
ವಿಶ್ವಸಂಸ್ಥೆಯ ಭದ್ರತಾ ಮಂಡಳಿ,
ನ್ಯೂಯಾರ್ಕ್.

ಮಾನ್ಯರೇ,

ನಿಮ್ಮ ಐವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಪ್ರತಿಯೊಬ್ಬರೂ ಉಳಿದ ನಾಲ್ವರ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತೀರಿ. ನಿಮ್ಮ ಸಭೆಗಳನ್ನು ನೋಡುತ್ತಾ ಬಂದವರಿಗೆ ಆ ಅಭ್ಯಾಸ ಚೆನ್ನಾಗಿ ಗೊತ್ತು. ನನಗೆ ಹತ್ತೊಂಬತ್ತು ವರ್ಷ. ಯಾವ ಪಕ್ಷದಲ್ಲೂ ಇಲ್ಲ, ಯಾವ ದೇಶದ ಪರವಾಗಿಯೂ ಬರೆಯುತ್ತಿಲ್ಲ. ನಿಮ್ಮ ಬಹಿರಂಗ ಸಭೆಗಳನ್ನು ವಿಶ್ವಸಂಸ್ಥೆಯೇ ಇಂಟರ್ನೆಟ್‌ನಲ್ಲಿ ನೇರಪ್ರಸಾರ ಮಾಡುತ್ತದೆ. ಯಾರು ಬೇಕಾದರೂ ನೋಡಬಹುದು. ನನ್ನ ವಯಸ್ಸಿನವರು ನೋಡುವುದು ಕಡಿಮೆ. ನಾನು ನೋಡುತ್ತೇನೆ. ಈ ಪತ್ರದ ದೂರು ಅಲ್ಲಿ ಕಂಡದ್ದರಿಂದಲೇ ಹುಟ್ಟಿದ್ದು.

2024ರ ನವೆಂಬರ್ 18 ಮತ್ತು 20ನೇ ತಾರೀಕು ನಿಮಗೆ ನೆನಪಿದೆಯೋ ಇಲ್ಲವೋ. 18ರಂದು ಸುಡಾನ್ ವಿಷಯ ಬಂತು. ಬ್ರಿಟನ್ ಮತ್ತು ಸಿಯೆರಾ ಲಿಯೋನ್ ತಂದ ಕರಡು ಅದು. ಕಾದಾಟ ನಿಲ್ಲಿಸಿ, ಜನರನ್ನು ಕಾಪಾಡಿ, ನೆರವು ಒಳಗೆ ಹೋಗಲು ಬಿಡಿ ಎಂಬುದು ಅದರ ಸಾರ. ಪರವಾಗಿ 14 ಕೈ ಎದ್ದವು. ವಿರುದ್ಧ ಒಂದು ಕೈ, ರಷ್ಯಾದ್ದು. ಎರಡು ದಿನ ಬಿಟ್ಟು ಗಾಜಾ ವಿಷಯ ಬಂತು. ಈ ಸಲ ಕರಡು ತಂದವರು ಚುನಾಯಿತ ಹತ್ತು ಸದಸ್ಯರು. ತಕ್ಷಣ, ಷರತ್ತಿಲ್ಲದೆ, ಶಾಶ್ವತವಾಗಿ ಕದನ ನಿಲ್ಲಬೇಕು, ಒತ್ತೆಯಾಳುಗಳೆಲ್ಲರ ಬಿಡುಗಡೆಯೂ ಆಗಬೇಕು ಎಂದು ಅದರಲ್ಲಿತ್ತು. ಮತ್ತೆ ಪರವಾಗಿ 14 ಕೈ. ವಿರುದ್ಧ ಒಂದು ಕೈ, ಅಮೆರಿಕದ್ದು.

ಮತ ಎಣಿಸಿದ ಮೇಲೆ ಅಧ್ಯಕ್ಷರು ಓದುವ ಒಂದು ಸಾಲಿದೆ. ಖಾಯಂ ಸದಸ್ಯರೊಬ್ಬರು ವಿರುದ್ಧವಾಗಿ ಮತ ಹಾಕಿದ ಕಾರಣ ಕರಡು ನಿರ್ಣಯ ಅಂಗೀಕಾರವಾಗಿಲ್ಲ, ಅಷ್ಟೇ. ಎರಡೂ ದಿನ ಅದೇ ಸಾಲು. ನಿಮ್ಮ ಐವರಲ್ಲಿ ಒಬ್ಬರು ಬೇಡ ಎಂದರೂ ಕರಡು ಬಿದ್ದುಹೋಗುತ್ತದೆ, ವೀಟೊ ಎಂದರೆ ಅದೇ. ಯಾವ ಸದಸ್ಯರು ಎಂದು ಆ ಸಾಲು ಹೇಳುವುದಿಲ್ಲ. ಕದನ ನಿಲ್ಲಲಿ ಎಂದು ಕಾಯುತ್ತಿದ್ದವರು ಯಾರು ಎಂದೂ ಹೇಳುವುದಿಲ್ಲ. ಓದಿ ಮುಗಿಸಲು ಕೆಲವೇ ಸೆಕೆಂಡು ಸಾಕು. ಆಮೇಲೆ ಭಾಷಣಗಳು ಶುರುವಾಗುತ್ತವೆ.

ಕಾರಣಗಳನ್ನು ನೀವು ಕೊಟ್ಟಿರಿ, ಅದನ್ನು ಮರೆಮಾಚುವುದಿಲ್ಲ. ಸುಡಾನಿನ ಭವಿಷ್ಯ ತೀರ್ಮಾನಿಸುವ ಹಕ್ಕು ಸುಡಾನಿನ ಸರ್ಕಾರದ್ದು, ಹೊರಗಿನವರು ಹೇರಬಾರದು ಎಂದಿತು ರಷ್ಯಾ. ಕದನ ವಿರಾಮಕ್ಕೂ ಒತ್ತೆಯಾಳುಗಳ ಬಿಡುಗಡೆಗೂ ಗಟ್ಟಿಯಾದ ನಂಟು ಹಾಕದ ಕರಡನ್ನು ಒಪ್ಪಲಾರೆವು ಎಂದಿತು ಅಮೆರಿಕ. 18ರಂದು ರಷ್ಯಾದ ವೀಟೊವನ್ನು ಕಟುವಾಗಿ ಖಂಡಿಸಿದ್ದು ಇದೇ ಅಮೆರಿಕ. 20ರಂದು ಅದರ ಕೈಯೇ ಎದ್ದಿತು. ಇದು ಆ ಇಬ್ಬರ ಕಥೆ ಮಾತ್ರ ಎಂದು ಉಳಿದವರು ಸಮಾಧಾನಪಟ್ಟುಕೊಳ್ಳಬೇಡಿ. ಸಿರಿಯಾದ ವಿಷಯದಲ್ಲಿ 2011ರ ಅಕ್ಟೋಬರ್‌ನಿಂದ ಹಲವು ಬಾರಿ ಚೀನಾ ರಷ್ಯಾದ ಜೊತೆ ಸೇರಿ ಕೈ ಎತ್ತಿದೆ. ಬ್ರಿಟನ್ ಮತ್ತು ಫ್ರಾನ್ಸ್ 1989ರಿಂದ ವೀಟೊ ಬಳಸಿಲ್ಲ, ನಿಜ. ಅದನ್ನು ಮೆಚ್ಚುತ್ತೇನೆ. ಆದರೆ ಆ ಹಕ್ಕನ್ನು ಬಿಟ್ಟುಕೊಟ್ಟೂ ಇಲ್ಲ.

ನನ್ನ ದೂರು ಇಷ್ಟು. ಯುದ್ಧವನ್ನು ನೀವು ಒಂದು ಕೋಣೆಯಲ್ಲಿ ಇಟ್ಟಿದ್ದೀರಿ, ಜನಾಂಗದ್ವೇಷವನ್ನು ಇನ್ನೊಂದು ಕೋಣೆಯಲ್ಲಿ. ಇದು ಬರೀ ಮಾತಿನ ಅಲಂಕಾರ ಅಲ್ಲ. ಯುದ್ಧದ ಚರ್ಚೆ ನಡೆಯುವುದು ನ್ಯೂಯಾರ್ಕ್‌ನಲ್ಲಿ, ನಿಮ್ಮ ಆ ಕುದುರೆ ಲಾಳದ ಆಕಾರದ ಮೇಜಿನ ಸುತ್ತ. ಜನಾಂಗಭೇದದ ವಿಷಯ ಹೋಗುವುದು ಜಿನೀವಾಕ್ಕೆ, 18 ತಜ್ಞರ ಒಂದು ಸಮಿತಿಗೆ. ಎರಡೂ ಊರುಗಳ ಮಧ್ಯೆ ಒಂದು ಸಾಗರವೇ ಇದೆ. ನೆಲದ ಮೇಲೆ ಮಾತ್ರ ಎರಡೂ ಒಟ್ಟಿಗೇ ಬರುತ್ತವೆ. ಒಂದು ಜನ ಮನುಷ್ಯರೇ ಅಲ್ಲ ಎಂದು ಮೊದಲು ಸಾರಿ ಹೇಳಲಾಗುತ್ತದೆ. ಕೊಲ್ಲುವುದು ಆಮೇಲೆ.

ರುವಾಂಡಾವನ್ನೇ ನೋಡಿ. 1993ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಬಾಕ್ರೆ ವಾಲಿ ನ್ಡಿಯಾಯೆ ಅಲ್ಲಿಗೆ ಹೋಗಿ ಬಂದರು. ಅಲ್ಲಿನ ಅಲ್ಪಸಂಖ್ಯಾತ ಜನಾಂಗವಾದ ಟುಟ್ಸಿಗಳನ್ನು ಟುಟ್ಸಿಗಳು ಎಂಬ ಒಂದೇ ಕಾರಣಕ್ಕೆ ಕೊಲ್ಲಲಾಗುತ್ತಿದೆ, ಇದು ಜನಾಂಗ ಹತ್ಯೆಯ ವ್ಯಾಖ್ಯೆಗೆ ಹೊಂದಬಹುದು ಎಂದು ಆಗಸ್ಟ್‌ನ ವರದಿಯಲ್ಲಿ ಬರೆದರು. ವರದಿ ಹೋಗಿದ್ದು ಜಿನೀವಾದ ಮಾನವ ಹಕ್ಕುಗಳ ಆಯೋಗಕ್ಕೆ. ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿ ರುವಾಂಡಾಕ್ಕೆ ಶಾಂತಿಪಾಲನಾ ಪಡೆ ಕಳಿಸಲು ತೀರ್ಮಾನಿಸಿತು. ಆ ಎಚ್ಚರಿಕೆಗೆ ತಕ್ಕ ಪಡೆಯಾಗಿರಲಿಲ್ಲ ಅದು. ಅಷ್ಟರಲ್ಲಿ ಒಂದು ರೇಡಿಯೊ ಕೇಂದ್ರ ಟುಟ್ಸಿಗಳನ್ನು ಜಿರಳೆ ಎಂದು ಕರೆಯುತ್ತಿತ್ತು. ಹಾಡು, ಹಾಸ್ಯ, ಹರಟೆ, ನಡುನಡುವೆ ಜಿರಳೆ. ಯುವಕರಿಗೆ ಇಷ್ಟವಾಗುವ ಹಾಗೆ ನಡೆಸುತ್ತಿದ್ದ ಕೇಂದ್ರ ಅದು. 1994ರ ಏಪ್ರಿಲ್‌ನಲ್ಲಿ ಕೊಲೆ ಶುರುವಾದಾಗ ಯಾರು ಎಲ್ಲಿ ಅಡಗಿದ್ದಾರೆ ಎಂದು ಹೇಳಿದ್ದೂ ಅದೇ ರೇಡಿಯೊ.

ಆಗ ಮಂಡಳಿ ಏನು ಮಾಡಿತು? ಏಪ್ರಿಲ್ 21ರಂದು ಸುಮಾರು 2,500 ಜನರಿದ್ದ ಪಡೆಯನ್ನು 270ಕ್ಕೆ ಇಳಿಸಲು ಸರ್ವಾನುಮತದಿಂದ ತೀರ್ಮಾನಿಸಿತು. ವೀಟೊ ಕೂಡ ಬೇಕಾಗಲಿಲ್ಲ. ಆ ವರ್ಷ ರುವಾಂಡಾದ ಸರ್ಕಾರವೇ ಮಂಡಳಿಯ ಸದಸ್ಯನಾಗಿ ಅದೇ ಮೇಜಿನ ಮುಂದೆ ಕೂತಿತ್ತು. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ, ಅದಕ್ಕಿಂತ ಜಾಸ್ತಿ ಎನ್ನುವವರೂ ಇದ್ದಾರೆ. ನಾನು ಹುಟ್ಟುವ ಮೊದಲೇ ನಡೆದದ್ದು ಇದು. ಆ ಸಾವುಗಳ ಬಗ್ಗೆ ಆಮೇಲೆ ಮಾಡಿದ ಭಾಷಣಗಳನ್ನು ಕೇಳಿಕೊಂಡು ಬೆಳೆದವರು ನಾವು. ಪ್ರತಿ ಭಾಷಣದಲ್ಲೂ "ಮತ್ತೆಂದೂ ಆಗಬಾರದು" ಎಂಬ ಮಾತು ಇರುತ್ತಿತ್ತು.

ಮತ್ತೆ ಆಯಿತು. 2023ರಲ್ಲಿ ಸುಡಾನಿನ ಪಶ್ಚಿಮ ಡಾರ್ಫರ್‌ನ ಎಲ್ ಜೆನೈನಾ ಊರಿನಲ್ಲಿ ಮಸಾಲಿತ್ ಬುಡಕಟ್ಟಿನ ಜನರನ್ನು ಹುಡುಕಿ ಹುಡುಕಿ ಕೊಂದರು. 10,000ದಿಂದ 15,000 ಜನ ಸತ್ತಿರಬಹುದು ಎಂಬ ಅಂದಾಜು ನಿಮ್ಮದೇ ಮಂಡಳಿಗೆ ಬಂದ ತಜ್ಞರ ವರದಿಯಲ್ಲಿದೆ. ಮುಂದಿನ ವರ್ಷ ಉತ್ತರ ಡಾರ್ಫರ್‌ನ ಎಲ್ ಫಾಶರ್ ಊರು ಮುತ್ತಿಗೆಗೆ ಸಿಕ್ಕಿತು. ಈ ಸಲ ಮಂಡಳಿ ಸುಮ್ಮನಿರಲಿಲ್ಲ. 2024ರ ಜೂನ್ 13ರಂದು ಮುತ್ತಿಗೆ ನಿಲ್ಲಿಸಿ ಎಂದು ನಿರ್ಣಯ ಮಾಡಿತು. 14 ಮತ ಪರ, ರಷ್ಯಾ ತಟಸ್ಥ. ಯಾರೂ ವೀಟೊ ಹಾಕಲಿಲ್ಲ. ಆದರೂ ಮುತ್ತಿಗೆ ನಿಲ್ಲಲಿಲ್ಲ. ಡಾರ್ಫರ್‌ಗೆ ಆಯುಧ ಹೋಗಬಾರದು ಎಂಬ ನಿಮ್ಮ ನಿರ್ಬಂಧ 2004ರಿಂದ ಜಾರಿಯಲ್ಲಿದೆ, ಆಯುಧ ಹೋಗುವುದೂ ನಿಂತಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಊರು ಬಿತ್ತು. ತಪ್ಪಿಸಿಕೊಂಡು ಬಂದವರು ಮತ್ತೆ ಅದೇ ಕಥೆ ಹೇಳಿದರು. ದಾರಿಯಲ್ಲಿ ತಡೆದು, ನೀನು ಯಾವ ಬುಡಕಟ್ಟಿನವನು ಎಂದು ಕೇಳಿ, ಉತ್ತರ ನೋಡಿ ಗುಂಡು.

ಹಾಗಾಗಿ ವೀಟೊ ಒಂದನ್ನು ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನಿರ್ಣಯ ಮಾಡುವುದು, ಮಾಡಿದ ಮೇಲೆ ಅದರ ಬೆನ್ನು ಹತ್ತುವುದು, ಎರಡರಲ್ಲೂ ಯಾರ ಜೀವ ಅಪಾಯದಲ್ಲಿದೆ ಎಂಬುದರ ಮೇಲೆ ನಿಮ್ಮ ಆತುರ ಹೆಚ್ಚು ಕಡಿಮೆ ಆಗುತ್ತದೆ. ಇದು ನಿಮಗೆ ಅವಮಾನ ಅನಿಸಬಹುದು. ನಾವು ಮಾತ್ರ ಇದನ್ನು ಪ್ರತಿ ವಾರ ಕಣ್ಣಾರೆ ನೋಡುತ್ತಿದ್ದೇವೆ.

2022ರ ಫೆಬ್ರವರಿಯಲ್ಲಿ ಯುಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದಾಗ ಲಕ್ಷಾಂತರ ಜನ ಗಡಿಗೆ ಓಡಿದರು. ಅದೇ ರೈಲು, ಅದೇ ಚಳಿ, ಅದೇ ಬಾಂಬು. ಗಡಿಯ ಸಾಲಿನಲ್ಲಿ ಮಾತ್ರ ಆಫ್ರಿಕಾ ಮತ್ತು ಏಷ್ಯಾದ ವಿದ್ಯಾರ್ಥಿಗಳನ್ನು ಪಕ್ಕಕ್ಕೆ ನಿಲ್ಲಿಸಿದ ದೂರುಗಳು ಬಂದವು. ಚರ್ಮದ ಬಣ್ಣ ನೋಡಿ ಹೀಗೆ ಬೇರೆ ಮಾಡಿದರೆ ಅದು ಆಘಾತಕಾರಿ ಜನಾಂಗಭೇದ ಎಂದು ಆಫ್ರಿಕನ್ ಒಕ್ಕೂಟ ಹೇಳಿಕೆ ಕೊಡಬೇಕಾಯಿತು. ಯುಕ್ರೇನಿನವರಿಗೆ ಬಾಗಿಲು ತೆರೆದದ್ದು ತಪ್ಪು ಎಂದು ಯಾರೂ ಹೇಳುತ್ತಿಲ್ಲ. ಆ ಬಾಗಿಲು ಅಷ್ಟು ಬೇಗ ತೆರೆಯಬಲ್ಲದು ಎಂದು ಆಗ ಗೊತ್ತಾಯಿತು, ಅಷ್ಟೇ. ಹಾಗಾದರೆ ಉಳಿದವರಿಗೆ ಯಾಕೆ ತೆರೆಯಲಿಲ್ಲ? 2024ರ ಕೊನೆಗೆ ಮನೆ ಬಿಟ್ಟು ಓಡಬೇಕಾದವರು ಜಗತ್ತಿನಲ್ಲಿ 12 ಕೋಟಿಗೂ ಜಾಸ್ತಿ. ಅವರಲ್ಲಿ ಹೆಚ್ಚಿನವರು ಈಗಲೂ ಸಾಲಿನ ಪಕ್ಕದಲ್ಲಿ ನಿಂತವರೇ.

ಸತ್ತ ಮೇಲಾದರೂ ಸಮಾನತೆ ಸಿಗುತ್ತದಾ? ಇದಕ್ಕೂ ಲಿಖಿತ ದಾಖಲೆ ಇದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ಸತ್ತವರ ಸಮಾಧಿ ನೋಡಿಕೊಳ್ಳಲು 1917ರಲ್ಲಿ ಒಂದು ಆಯೋಗ ಹುಟ್ಟಿತು. ಹುದ್ದೆ, ಜನಾಂಗ, ಧರ್ಮ ಯಾವುದನ್ನೂ ನೋಡದೆ ಎಲ್ಲರಿಗೂ ಒಂದೇ ಗೌರವ ಎಂಬುದು ಅದರ ನಿಯಮ. 2021ರಲ್ಲಿ ಅದೇ ಆಯೋಗ ತನ್ನ ಹಳೆಯ ಕಡತಗಳನ್ನು ತೆರೆದು ನೋಡಿತು. ಆಫ್ರಿಕಾ, ಭಾರತ, ಈಜಿಪ್ಟ್ ಮೊದಲಾದ ಕಡೆಯ 45,000ದಿಂದ 54,000 ಜನರನ್ನು ಬಿಳಿಯರಿಗೆ ಸಮನಾಗಿ ಸ್ಮರಿಸಿಲ್ಲ ಎಂದು ಒಪ್ಪಿಕೊಂಡಿತು. ಕನಿಷ್ಠ 1,16,000 ಜನರ ಹೆಸರೇ ಎಲ್ಲೂ ಕೆತ್ತಿಲ್ಲ. ಆ ಸಂಖ್ಯೆ 3,50,000ದವರೆಗೂ ಹೋಗಬಹುದು. ಬ್ರಿಟನ್ನಿನ ವಸಾಹತಾಗಿದ್ದ ಗೋಲ್ಡ್ ಕೋಸ್ಟ್‌ನ (ಇಂದಿನ ಘಾನಾ) ಗವರ್ನರ್ 1923ರಲ್ಲಿ ಒಂದು ಸಭೆಯಲ್ಲಿ ಹೇಳಿದ್ದು ಆ ವರದಿಯಲ್ಲಿದೆ. ಅಲ್ಲಿನ ಸಾಮಾನ್ಯ ಜನರಿಗೆ ಸಮಾಧಿ ಕಲ್ಲು ಇಟ್ಟರೆ ಅದರ ಬೆಲೆ ತಿಳಿಯುವುದಿಲ್ಲವಂತೆ. ಹೆಣ ಹೊತ್ತವರಿಗೆ, ಅತ್ತವರಿಗೆ, ಒಂದು ಹೆಸರಿನ ಬೆಲೆ ತಿಳಿಯುವುದಿಲ್ಲ ಎಂದು ಅಧಿಕಾರಿಯೊಬ್ಬ ಮೇಜಿನ ಮುಂದೆ ಕೂತು ತೀರ್ಮಾನಿಸಿಬಿಟ್ಟ. ಬ್ರಿಟನ್ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ಕೇಳಿದ್ದು ಒಳ್ಳೆಯದೇ. ನೂರು ವರ್ಷ ಬೇಕಾಯಿತು.

ಅದೇ ಯುದ್ಧ ಮುಗಿದು 1919ರಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಸಮ್ಮೇಳನ ನಡೆಯಿತಲ್ಲ, ಅಲ್ಲಿ ಜಪಾನ್ ಒಂದು ಸಣ್ಣ ತಿದ್ದುಪಡಿ ಕೇಳಿತು. ವಿಶ್ವಸಂಸ್ಥೆಗೂ ಮೊದಲಿನ ರಾಷ್ಟ್ರಗಳ ಸಂಘದ (ಲೀಗ್ ಆಫ್ ನೇಷನ್ಸ್) ಒಡಂಬಡಿಕೆಯಲ್ಲಿ ಸಮಾನತೆಯ ಮಾತೊಂದು ಇರಲಿ ಎಂದು. ಒಡಂಬಡಿಕೆಯ ಕರಡು ಬರೆಯುತ್ತಿದ್ದ ಸಮಿತಿಯಲ್ಲಿ 17ರಲ್ಲಿ 11 ಮತ ಪರವಾಗಿ ಬಂದವು. ಆ ಸಮಿತಿಯ ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ಅಧ್ಯಕ್ಷ ವಿಲ್ಸನ್, ಸರ್ವಾನುಮತ ಇಲ್ಲ, ಆದ್ದರಿಂದ ಆಗುವುದಿಲ್ಲ ಎಂದರು. (ಜಪಾನ್ ಏನು ಸಾಚಾ ಆಗಿರಲಿಲ್ಲ. ಅದೇ ವಸಂತದಲ್ಲಿ ಅದು ಕೊರಿಯಾದ ಸ್ವಾತಂತ್ರ್ಯ ಚಳವಳಿಯನ್ನು ಹೊಸಕಿ ಹಾಕುತ್ತಿತ್ತು.) ಜಗತ್ತಿನ ಶಾಂತಿಗೆಂದು ಸೇರಿದ ಸಭೆ ಮನುಷ್ಯರು ಸಮಾನರು ಎಂದು ಬರೆಯಲು ಒಪ್ಪಲಿಲ್ಲ. ಇಪ್ಪತ್ತು ವರ್ಷಕ್ಕೆ ಇನ್ನೊಂದು ಮಹಾಯುದ್ಧ ಬಂತು. ಆ ಒಂದು ಸಾಲು ಇದ್ದಿದ್ದರೆ ಯುದ್ಧ ತಪ್ಪುತ್ತಿತ್ತು ಎಂದು ಹೇಳುವಷ್ಟು ದಡ್ಡತನ ನನಗಿಲ್ಲ. ಆದರೆ ಆ ಮಹಾಯುದ್ಧದ ನಡುವೆ ಯಹೂದಿಗಳಿಗೆ, ರೋಮಾ ಜನರಿಗೆ ಏನಾಯಿತು ಎಂದು ನಿಮಗೆ ಗೊತ್ತು.

ಈಗ ನನ್ನ ಕಡೆಯ ಒಂದು ಸಂಗತಿ. ಓದಿಗೆಂದು ನಮ್ಮದೊಂದು ಆನ್‌ಲೈನ್ ಗುಂಪಿತ್ತು. ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ಸೇರಿ ಭೌತಶಾಸ್ತ್ರದ ಲೆಕ್ಕ ಬಿಡಿಸುತ್ತಿದ್ದೆವು. ಎಸೆದ ವಸ್ತು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬ ಲೆಕ್ಕವನ್ನು ಎಲ್ಲರಿಗೂ ತಾಳ್ಮೆಯಿಂದ ಚಿತ್ರ ಬರೆದು ವಿವರಿಸುತ್ತಿದ್ದ ಹುಡುಗನೊಬ್ಬನಿದ್ದ. ಅವನ ದೇಶಕ್ಕೂ ಗುಂಪಿನ ಇನ್ನೊಬ್ಬಳ ದೇಶಕ್ಕೂ ಯುದ್ಧ ಶುರುವಾಯಿತು. ಒಂದು ಸಂಜೆ ಆ ಹುಡುಗಿ ಘರ್ಷಣೆಯ ಲೆಕ್ಕವೊಂದರಲ್ಲಿ ಎಲ್ಲಿ ತಪ್ಪಿದೆ ಎಂದು ತನ್ನ ನೋಟ್‌ಬುಕ್ಕಿನ ಫೋಟೊ ಹಾಕಿ ಕೇಳಿದಳು. ಅದರ ಕೆಳಗೆ ಅವನು ಹಾಕಿದ್ದು ಹುಳಗಳ ಚಿತ್ರ, ಅವಳ ದೇಶದ ಬಾವುಟ ಹೊತ್ತ ಹುಳಗಳು. ಮೇಲೊಂದು ನಗುವ ಮುಖ. ಅದಕ್ಕೆ ಇನ್ನೊಬ್ಬ ಅವನ ಬಣ್ಣ ಎತ್ತಿ ಬೈದ. ಆಮೇಲೆ ಗುಂಪಿನಲ್ಲಿ ಲೆಕ್ಕ ನಡೆಯಲಿಲ್ಲ. ಆ ಹುಡುಗಿ ಏನೂ ಹೇಳದೆ ಹೊರಗೆ ಹೋದಳು. ಅವಳ ಲೆಕ್ಕದಲ್ಲಿ ಒಂದು ಚಿಹ್ನೆ ತಪ್ಪಿತ್ತು ಅಷ್ಟೇ, ಕಳೆಯುವ ಕಡೆ ಕೂಡಿಸಿದ್ದಳು.

ಆ ಹುಡುಗ ಕೆಟ್ಟವನೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆ ಹುಳದ ಚಿತ್ರ ಅವನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ಅವನ ದೇಶದ ದೊಡ್ಡವರು ಟಿವಿಯಲ್ಲಿ ಆ ಮಾತು ಆಡಿದ್ದರು. ಅದು ಸಣ್ಣ ವಿಡಿಯೊ ಆಗಿ, ಹಾಡು ಸೇರಿ, ಅವನ ಫೋನಿಗೆ ಬಂದಿತ್ತು. ರುವಾಂಡಾದಲ್ಲಿ ಒಂದು ರೇಡಿಯೊ ಮಾಡಿದ ಕೆಲಸ ಈಗ ಜೇಬಿನಲ್ಲೇ ನಡೆಯುತ್ತದೆ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ಮೇಲೆ ನಡೆದ ದಾಳಿಯಲ್ಲಿ ಸಾಮಾಜಿಕ ಜಾಲತಾಣಗಳ ಪಾತ್ರ ನಿರ್ಣಾಯಕವಾಗಿತ್ತು ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡದ ಮುಖ್ಯಸ್ಥರು 2018ರಲ್ಲಿ ಹೇಳಿದರು. ಅಷ್ಟರಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಬಾಂಗ್ಲಾದೇಶ ಸೇರಿಯಾಗಿತ್ತು. ಎಚ್ಚರಿಕೆ ಯಾವಾಗಲೂ ವರದಿಯಾಗಿ ಬರುತ್ತದೆ, ಎಲ್ಲ ಮುಗಿದ ಮೇಲೆ.

ನಾವು ಬಯಸುವ ಶಾಂತಿ ಏನು ಎಂದು ಕೇಳಿದರೆ, ಅದು ದೊಡ್ಡ ಕನಸೇನೂ ಅಲ್ಲ. ಹೆಸರು ಹೇಳಿದ ತಕ್ಷಣ ಎದುರಿನವರ ಮುಖ ಬದಲಾಗಬಾರದು. ಗೆಳೆಯರ ಪಟ್ಟಿಯಲ್ಲಿ ಯಾರಾದರೂ ಎರಡು ದಿನ ಆನ್‌ಲೈನ್ ಬರದಿದ್ದರೆ ಫೋನು ಕೆಟ್ಟಿರಬೇಕು ಅಂದುಕೊಳ್ಳುವಂತಿರಬೇಕು, ಬಾಂಬು ಬಿದ್ದಿರಬೇಕು ಅಂತಲ್ಲ. ಅಲ್ವಾ?

ಇನ್ನು ದುಡ್ಡಿನ ವಿಷಯ. 2024ರಲ್ಲಿ ಜಗತ್ತು ಸೈನ್ಯಕ್ಕೆ ಖರ್ಚು ಮಾಡಿದ್ದು 2.7 ಲಕ್ಷ ಕೋಟಿ ಡಾಲರ್ ಎಂದು ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಲೆಕ್ಕ ಕೊಟ್ಟಿದೆ. ವಿಶ್ವಸಂಸ್ಥೆಯ ಶಾಂತಿಪಾಲನೆಯ 2024-25ರ ಬಜೆಟ್ ಸುಮಾರು 560 ಕೋಟಿ ಡಾಲರ್. ಅಂದರೆ ಸೈನ್ಯಕ್ಕೆ ಸಾವಿರ ಡಾಲರ್ ಹೋದರೆ ಶಾಂತಿಪಾಲನೆಗೆ ಎರಡು. 2020ರಿಂದ 2024ರವರೆಗಿನ ಆಯುಧ ರಫ್ತಿನಲ್ಲಿ ಮೊದಲ ನಾಲ್ಕು ಸ್ಥಾನ ಅಮೆರಿಕ, ಫ್ರಾನ್ಸ್, ರಷ್ಯಾ, ಚೀನಾದವು. ಬ್ರಿಟನ್ ಕೂಡ ಮೊದಲ ಹತ್ತರೊಳಗಿತ್ತು. ಜಗತ್ತಿನ ಶಾಂತಿ ಕಾಯುವ ಮುಖ್ಯ ಹೊಣೆ ಯಾರಿಗೆ ಒಪ್ಪಿಸಿದೆಯೋ ಅವರೇ ಆಯುಧದ ದೊಡ್ಡ ವ್ಯಾಪಾರಿಗಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಈ ಮಾತಿಗೆ ಕೋಪ ಬಂದರೆ ವಿಶ್ವಸಂಸ್ಥೆಯ ಮೂಲ ಒಪ್ಪಂದವಾದ ನಿಮ್ಮ ಸನ್ನದಿನ 26ನೇ ವಿಧಿ ತೆಗೆದು ನೋಡಿ. ಜಗತ್ತಿನ ಜನಬಲ ಮತ್ತು ಸಂಪತ್ತು ಆಯುಧಕ್ಕೆ ಆದಷ್ಟು ಕಡಿಮೆ ಹೋಗುವಂತೆ ಶಸ್ತ್ರ ನಿಯಂತ್ರಣದ ಯೋಜನೆ ತಯಾರಿಸುವ ಹೊಣೆ ಭದ್ರತಾ ಮಂಡಳಿಯದು ಎಂದು ಅಲ್ಲಿದೆ. ಸಹಿ ಬಿದ್ದದ್ದು 1945ರ ಜೂನ್ 26ರಂದು. ಇಷ್ಟು ವರ್ಷಗಳಲ್ಲಿ ಆ ಯೋಜನೆ ಬಂದೇ ಇಲ್ಲ. ನಾವು ಕಾಲೇಜಿನಲ್ಲಿ ಒಂದು ಅಸೈನ್‌ಮೆಂಟ್ ಒಂದು ವಾರ ತಡಮಾಡಿದರೆ ಅಂಕ ಹೋಗುತ್ತದೆ.

ನನ್ನ ಕೋರಿಕೆಗಳು ಇವು. ಹೊಸ ಸನ್ನದು ಬರೆಯಿರಿ ಎಂದು ಕೇಳುತ್ತಿಲ್ಲ. ಹೆಚ್ಚಿನವು ನೀವು ಈಗಾಗಲೇ ಒಪ್ಪಿರುವುದೇ.

ಎಲ್ಲಕ್ಕಿಂತ ಮೊದಲು ಆ ಎರಡು ಕೋಣೆಗಳ ನಡುವಿನ ಬಾಗಿಲು ತೆರೆಯಿರಿ. ಎಲ್ಲ ಬಗೆಯ ಜನಾಂಗಭೇದ ತೊಡೆಯುವ ಅಂತಾರಾಷ್ಟ್ರೀಯ ಒಪ್ಪಂದ 1965ರದ್ದು. ನೀವು ಐವರೂ ಅದನ್ನು ಒಪ್ಪಿದ್ದೀರಿ. ಅಮೆರಿಕ ತಡವಾಗಿ 1994ರಲ್ಲಿ ಸೇರಿತು, ಇರಲಿ. ಆ ಒಪ್ಪಂದದ ಸಮಿತಿಗೆ ಮುನ್ನೆಚ್ಚರಿಕೆ ಕೊಡುವ ಒಂದು ವ್ಯವಸ್ಥೆ 1993ರಿಂದ ಇದೆ. ಯಾವುದೋ ಒಂದು ಜನದ ಮೇಲೆ ದ್ವೇಷ ಕುದಿಯುತ್ತಿದೆ, ಕೈ ಮೀರುವ ಮೊದಲು ನೋಡಿ ಎಂದು ಸಮಿತಿ ಹೇಳಬಹುದು, ಹೇಳುತ್ತಲೂ ಇದೆ. ಅಂಥ ಎಚ್ಚರಿಕೆ ಬಂದಾಗಲೆಲ್ಲ ಆ ಸಮಿತಿಯವರನ್ನು ಮಂಡಳಿಗೆ ಕರೆಸಿ, ಬಹಿರಂಗ ಸಭೆಯಲ್ಲಿ ಕೂರಿಸಿ, ಕೇಳಿ. ಕೇಳಿದ ಮೇಲೆ ಏನು ಮಾಡಿದಿರಿ ಎಂದು ಬರೆದಿಡಿ. ನ್ಡಿಯಾಯೆ ಅವರ ವರದಿ ಜಿನೀವಾದಲ್ಲೇ ಉಳಿದದ್ದು ಒಂದು ಸಲ ಸಾಕು. ಇದಕ್ಕೆ ಸನ್ನದು ತಿದ್ದಬೇಕಾಗಿಲ್ಲ. ಅಧ್ಯಕ್ಷತೆ ನಿಮ್ಮ ಸರದಿಗೆ ಬಂದ ತಿಂಗಳು ಕಾರ್ಯಸೂಚಿಗೆ ಸೇರಿಸಿದರೆ ಆಯಿತು.

ಎರಡನೆಯದು ವೀಟೊ. ಜನಾಂಗ ಹತ್ಯೆ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ ತಡೆಯುವ ನಂಬಲರ್ಹ ಕರಡಿನ ವಿರುದ್ಧ ಮತ ಹಾಕುವುದಿಲ್ಲ ಎಂಬ ನೀತಿಸಂಹಿತೆ 2015ರಿಂದ ಇದೆ. 120ಕ್ಕೂ ಹೆಚ್ಚು ದೇಶಗಳು ಒಪ್ಪಿವೆ, ಫ್ರಾನ್ಸ್ ಮತ್ತು ಬ್ರಿಟನ್ ಕೂಡ. ಉಳಿದ ಮೂವರು ಒಪ್ಪಿ. ಒಪ್ಪದಿದ್ದರೆ ಯಾಕೆ ಎಂದು ಹೇಳಿ. ನಿಮಗೆ ವೀಟೊ ಕೊಡುವ ಸನ್ನದಿನ 27ನೇ ವಿಧಿಯಲ್ಲೇ ಇನ್ನೊಂದು ಮಾತಿದೆ. ವಿವಾದವನ್ನು ಶಾಂತಿಯಿಂದ ಬಗೆಹರಿಸುವ ತೀರ್ಮಾನಗಳಲ್ಲಿ, ವಿವಾದದಲ್ಲಿ ತಾನೇ ಪಕ್ಷವಾಗಿರುವ ದೇಶ ಮತ ಹಾಕಬಾರದು. ಈ ನಿಯಮ ಸನ್ನದಿನಲ್ಲಿ ಮಲಗಿದೆ. ಎಬ್ಬಿಸಿ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಮೇಲಿನ ದಾಳಿಯ ವಿರುದ್ಧದ ಕರಡು ಬಂದಾಗ ವೀಟೊ ಹಾಕಿದ್ದು ರಷ್ಯಾ. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯೂ ರಷ್ಯಾದ್ದೇ. ದಾಳಿ ಮಾಡಿದವರೇ ಸಭೆ ನಡೆಸಿ, ಮತ ಎಣಿಸಿ, ಫಲಿತಾಂಶ ಓದಿದರು. ಆ ಕರಡಿಗೆ ಈ ನಿಯಮ ಅನ್ವಯಿಸುತ್ತಿತ್ತೋ ಇಲ್ಲವೋ ಎಂದು ನಿಮ್ಮ ಕಾನೂನು ತಜ್ಞರು ಗಂಟೆಗಟ್ಟಲೆ ವಾದ ಮಾಡಬಹುದು. ನೋಡುತ್ತಾ ಕೂತವರಿಗೆ ಕಂಡದ್ದು ಇಷ್ಟೇ.

ಖಾಯಂ ಕುರ್ಚಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ನೀವು ದಶಕಗಳಿಂದ ಇದನ್ನು ಉದ್ದವಾಗಿ ಹೇಳುತ್ತಲೇ ಇದ್ದೀರಿ. 1945ರಲ್ಲಿ ವಿಶ್ವಸಂಸ್ಥೆಯ 51 ಸದಸ್ಯರಲ್ಲಿ ಆಫ್ರಿಕಾದವು ನಾಲ್ಕೇ. ಉಳಿದ ಬಹುಪಾಲು ಇನ್ನೊಬ್ಬರ ವಸಾಹತು. ಇವತ್ತು 193ರಲ್ಲಿ 54 ಆಫ್ರಿಕಾದವು. ನಿಮ್ಮ ಕಾರ್ಯಸೂಚಿಯಲ್ಲಿ ಆಫ್ರಿಕಾದ ಯುದ್ಧಗಳು ಇಲ್ಲದ ತಿಂಗಳು ಸಿಗುವುದು ಕಷ್ಟ. ಆ ಖಂಡಕ್ಕೆ ಒಂದೂ ಖಾಯಂ ಕುರ್ಚಿ ಇಲ್ಲ. ಇದು ಯಾವ ಕಾಲದ ಜಗತ್ತಿನ ನಕ್ಷೆ ಎಂದು ನೀವೇ ಹೇಳಿ.

26ನೇ ವಿಧಿಯ ಯೋಜನೆಗೆ ಒಂದು ದಿನಾಂಕ ಗೊತ್ತುಮಾಡಿ. ಯೋಜನೆ ಪೂರ್ತಿ ಆಗುವುದು ಆಮೇಲಿರಲಿ, ಶುರು ಮಾಡುವ ದಿನಾಂಕವಾದರೂ ಹೇಳಿ.

ಕೊನೆಗೆ ನಮ್ಮ ವಿಷಯ. 2015ರ ಡಿಸೆಂಬರ್ 9ರಂದು ನೀವು 2250ನೇ ನಿರ್ಣಯ ಮಾಡಿದಿರಿ. 18ರಿಂದ 29 ವರ್ಷದವರನ್ನು ಶಾಂತಿ ಮಾತುಕತೆಗಳಲ್ಲಿ ಸೇರಿಸಿಕೊಳ್ಳಬೇಕು ಎಂದು ಅದರಲ್ಲಿದೆ. ಸರ್ವಾನುಮತದ ನಿರ್ಣಯ. ಹತ್ತು ವರ್ಷ ದಾಟಿತು. ಆಗಾಗ ಒಬ್ಬ ಯುವಕನನ್ನೋ ಯುವತಿಯನ್ನೋ ಕರೆಸಿ ಐದು ನಿಮಿಷ ಮಾತಾಡಿಸುತ್ತೀರಿ. ಧನ್ಯವಾದ ಹೇಳುತ್ತೀರಿ. ಮಾತುಕತೆಯ ಕೋಣೆಗೆ ಹೋಗುವಾಗ ಅವರು ಹೊರಗೇ ಉಳಿಯುತ್ತಾರೆ. ನಾವು ನಾಳೆಯ ನಾಯಕರು ಎಂಬ ಮಾತು ದಯವಿಟ್ಟು ಬೇಡ. ನಾಳೆವರೆಗೆ ಬದುಕಿರಬೇಕಲ್ಲ. ಯುದ್ಧಕ್ಕೆ ಕಳಿಸುವಾಗ ನಮ್ಮ ವಯಸ್ಸು ಸಾಕು, ಕದನ ವಿರಾಮದ ಷರತ್ತು ಬರೆಯುವಾಗ ಮಾತ್ರ ಸಾಲುವುದಿಲ್ಲ ಎಂದರೆ ಹೇಗೆ?

1946ರಲ್ಲಿ ಮಂಡಳಿಯ ಮತಪೆಟ್ಟಿಗೆಯನ್ನು ಮೊದಲ ಸಲ ಬಳಸುವ ಮುನ್ನ ತೆರೆದಾಗ ಒಳಗೆ ಒಂದು ಚೀಟಿ ಸಿಕ್ಕಿತ್ತು. ಪೆಟ್ಟಿಗೆ ಮಾಡಿದ ಮೆಕ್ಯಾನಿಕ್ ಪಾಲ್ ಆಂಟೋನಿಯೊ ಬರೆದಿಟ್ಟದ್ದು. ಈ ಪೆಟ್ಟಿಗೆ ಮಾಡಿದ ನಾನು ಮೊದಲ ಮತ ಹಾಕಬಹುದೇ ಎಂದು ಕೇಳಿ, ಜಗತ್ತಿಗೆಲ್ಲ ಶಾಶ್ವತ ಶಾಂತಿ ಬರಲಿ ಎಂದು ಹಾರೈಸಿದ್ದ. ವಿಶ್ವಸಂಸ್ಥೆ ಆ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಒಳಗೆ ಬರಲಾಗದವರು ಚೀಟಿ ಬರೆದಿಟ್ಟರೆ ನಿಮಗೆ ಇಷ್ಟವಾಗುತ್ತದೆ. ಕುರ್ಚಿ ಕೇಳಿದರೆ ಕಷ್ಟವಾಗುತ್ತದೆ. ನಾನು ಕುರ್ಚಿ ಕೇಳುತ್ತಿದ್ದೇನೆ. ಯಾವ ಯುದ್ಧದ ಮಾತುಕತೆಗೆ ನೀವು ಮಧ್ಯಸ್ಥಿಕೆ ವಹಿಸಿದರೂ, ಎರಡೂ ಕಡೆಯ ನಮ್ಮ ವಯಸ್ಸಿನವರಿಗೆ ಆ ಮೇಜಿನಲ್ಲಿ ಜಾಗ ಇರಲಿ. ಕೊನೆಯ ದಿನ ಫೋಟೊಗೆ ನಿಲ್ಲಿಸಲು ಕರೆಯಬೇಡಿ, ಮೊದಲ ದಿನವೇ ಕರೆಯಿರಿ.

ಇನ್ನೊಂದು ಕೋರಿಕೆ, ಇದು ಎಲ್ಲಕ್ಕಿಂತ ಸುಲಭದ್ದು. ಯಾರಾದರೂ ವೀಟೊ ಹಾಕಿದರೆ 10 ಕೆಲಸದ ದಿನಗಳೊಳಗೆ ಎಲ್ಲ ಸದಸ್ಯ ದೇಶಗಳಿರುವ ಸಾಮಾನ್ಯ ಸಭೆ ಸೇರಿ ಅದನ್ನು ಚರ್ಚಿಸಬೇಕು ಎಂಬ ನಿಯಮ 2022ರ ಏಪ್ರಿಲ್‌ನಿಂದ ಇದೆ. ಆ ಸಭೆಗೆ ನೀವು ಬಂದು ನಿಮ್ಮ ಕಾರಣ ಹೇಳುತ್ತೀರಿ. ಮುಂದಿನ ಸಲ ಕಾರಣ ಹೇಳುವ ಮೊದಲು ಒಂದು ಲೆಕ್ಕ ಓದಿ. ಕೈ ಎತ್ತಿದ ದಿನದಿಂದ ಆ ದಿನದವರೆಗೆ ಆ ಯುದ್ಧದಲ್ಲಿ ಎಷ್ಟು ಜನ ಸತ್ತರು, ಅವರಲ್ಲಿ ಮಕ್ಕಳೆಷ್ಟು, ಯಾವ ಜನಾಂಗದವರು, ಯಾವ ಊರಿನವರು ಎಂದು. ವಿಶ್ವಸಂಸ್ಥೆಯ ಕಚೇರಿಗಳೇ ಈ ಲೆಕ್ಕ ಇಡುತ್ತವೆ, ಹುಡುಕಬೇಕಾಗಿಲ್ಲ. ಓದಿದ ಮೇಲೆ ನಿಮ್ಮ ಕಾರಣ ಹೇಳಿ. ನಾನು ನೇರಪ್ರಸಾರದಲ್ಲಿ ನೋಡುತ್ತಿರುತ್ತೇನೆ.

ಇಂತಿ ವಿಶ್ವಾಸಿ,
ಹತ್ತೊಂಬತ್ತು ವರ್ಷದ ಒಬ್ಬ ವಿದ್ಯಾರ್ಥಿ